ಕಟಕಟ ಸೀಟಿಗೆ ಹಲ್ಲಿನ ಸಿಮೆಂಟು

"ಅಲ್ಲಾಡೋದನ್ನ ಅಲ್ಲಾಡದ ಹಾಗೆ ಮಾಡೋದೇ ನನ್ನ ಕಸುಬು ಕಣೇ! ಇಡೀ ಊರಿನ ದವಡೆ ಭದ್ರ ಮಾಡಿದವನಿಗೆ ಎರಡು ಸೀಟು ಯಾವ ಲೆಕ್ಕ?"

ಶನಿವಾರ ಮಧ್ಯಾಹ್ನ ಊಟದ ಮೇಜಿನ ಮುಂದೆ ದಂತವೈದ್ಯರು ಹೀಗೆ ಘೋಷಿಸಿದರು.

"ಭದ್ರ ಮಾಡಿದ್ದೆಷ್ಟು, ಕಿತ್ತು ಕೈಗೆ ಕೊಟ್ಟಿದ್ದೆಷ್ಟು?" ಎಂದರು ಅವರ ಹೆಂಡತಿ, ತಟ್ಟೆಯಿಂದ ತಲೆಯೆತ್ತದೆ.

ಆ ಸೀಟುಗಳಿದ್ದದ್ದು ದಂತವೈದ್ಯರ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ. ಕೆಂಪು ಬಣ್ಣ, ಎರಡೇ ಸೀಟು, ನೆತ್ತಿಗೊಂದು ಕ್ಯಾನ್ವಾಸ್ ಬಟ್ಟೆ. ಎಷ್ಟು ಗಿಡ್ಡವೆಂದರೆ, ಅದರೊಳಗೆ ಕೂರುವುದು ಬಾವಿಗಿಳಿದಂತೆ. ಹೊರಬರಲು ಯಾರಾದರೂ ಹಗ್ಗ ಬಿಡಬೇಕು. ದಂಪತಿಯ ಮದುವೆಗಿಂತ ಹಳೆಯದು, ಮದುವೆಗಿಂತ ಹೆಚ್ಚು ರಿಪೇರಿ ಕಂಡದ್ದು! ಅದರ ಎಂಜಿನ್ನಿನ ಗುರುಗುಟ್ಟುವಿಕೆ ದಂತವೈದ್ಯರ ಕಿವಿಗೆ ಸಂಗೀತ. ಆದರೆ ಆ ಸಂಗೀತಕ್ಕೆ ಸೀಟುಗಳು ತಾಳ ಹಾಕುತ್ತಿದ್ದವು. ನೆಟ್ಟಗಿನ ರಸ್ತೆಯಲ್ಲಿ ಕಟಕಟ, ಗುಂಡಿ ಬಂದರೆ ಕಟಕಟಾಕಟ!

ಕಳೆದ ಸಲ ಹಳೇ ಕಾರುಗಳ ಮೆರವಣಿಗೆಯಲ್ಲಿ ಪಕ್ಕದ ಕ್ಲಿನಿಕ್ಕಿನ ಕಣ್ಣಿನ ಡಾಕ್ಟರು ಎಲ್ಲರೆದುರು, "ಏನ್ ಡಾಕ್ಟ್ರೇ, ಕಾರಿಗೂ ಹಲ್ಲಿನ ಸೆಟ್ಟು ಕಟ್ಟಿಸಿದೀರಾ?" ಎಂದು ನಕ್ಕಿದ್ದರು. ದಂತವೈದ್ಯರು ಅಂದಿನಿಂದ ಹಲ್ಲು ಕಚ್ಚಿಕೊಂಡೇ ಇದ್ದರು. ಈ ವರ್ಷದ ಮೆರವಣಿಗೆ ನಾಳೆಯೇ. ಜೋಡಿಯಾಗಿ ಬರುತ್ತೇವೆಂದು ಕಣ್ಣಿನ ಡಾಕ್ಟರಿಗೆ ಮಾತು ಬೇರೆ ಕೊಟ್ಟಾಗಿದೆ. ಇತ್ತ ಜೋಡಿ ತಕರಾರು ತೆಗೆದಿದೆ.

"ಆ ಸದ್ದು ಹೋಗೋ ತನಕ ನಾನು ಅದರಲ್ಲಿ ಕೂರಲ್ಲ ರೀ. ಇಲ್ಲಾಂದ್ರೆ ಸ್ಟಿಯರಿಂಗು ನನ್ನ ಕೈಗೆ ಕೊಡಿ. ಓಡಿಸೋ ಖುಷೀಲಿ ಸದ್ದು ಹೇಗೋ ಸಹಿಸ್ಕೋತೀನಿ."

"ಅದರ ಕ್ಲಚ್ಚು ಬಹಳ ನಾಜೂಕು ಕಣೇ."

"ದಿನಾ ಆಫೀಸಿಗೆ ನಾನೇ ಓಡಿಸ್ಕೊಂಡು ಹೋಗ್ತೀನಲ್ಲ, ಆ ಕಾರಿಗೇನು ಕ್ಲಚ್ಚಿಲ್ವಾ?"

"ಅದು ಕಾರು. ಇದು ಕಲೆ!"

"ಹಾಗಾದ್ರೆ ಕಲೇಲಿ ನೀವೊಬ್ರೇ ಕೂತ್ಕೊಂಡು ಹೋಗಿ."

ಪಕ್ಕದ ಸೀಟು ಖಾಲಿ ಬಿಟ್ಟುಕೊಂಡು ಕಣ್ಣಿನ ಡಾಕ್ಟರ ಕಣ್ಣಿಗೆ ಬೀಳುವುದೇ? ವಾರವಿಡೀ ಪರರ ಬಾಯಿಗೆ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿದ್ದ ದಂತವೈದ್ಯರು, ನಿಟ್ಟುಸಿರಿನೊಂದಿಗೆ ಲುಂಗಿ ಎತ್ತಿ ಕಟ್ಟಿ ಶೆಡ್ಡಿಗೆ ನಡೆದರು.

ಪಕ್ಕದ ಸೀಟು ಸಾಧು ಪ್ರಾಣಿ. ಬೋಲ್ಟು ಬಿಗಿದು, ಹಳೇ ಸೈಕಲ್ ಟ್ಯೂಬಿನ ಎರಡು ಪಟ್ಟಿ ತುರುಕಿದ್ದೇ ತಡ, ಬಾಯಿ ಮುಚ್ಚಿತು. ಅದರಡಿಯಿಂದ ಹೆಂಡತಿಯ ತಂಪು ಕನ್ನಡಕವೂ ಸಿಕ್ಕಿತು. "ಇದನ್ನ ಕಳೆದಿದ್ದಕ್ಕೆ ನನಗೆ ಎಷ್ಟು ಬೈದಿದ್ರಿ!" ಎಂದು ಹಿಂದೆಯೇ ಬಂದಿದ್ದ ಹೆಂಡತಿ ಅದನ್ನು ಸೆರಗಿನಲ್ಲಿ ಒರೆಸಿ ತಲೆಗೇರಿಸಿಕೊಂಡರು.

ಡ್ರೈವರ್ ಸೀಟಿನದು ಬೇರೆಯೇ ರೋಗ. ಸೀಟು ಹಿಂದೆ ಮುಂದೆ ಜಾರಲು ಕೆಳಗೆ ಎರಡು ಕಬ್ಬಿಣದ ಹಳಿಗಳಿವೆಯಲ್ಲ, ಅವು ಸವೆದುಹೋಗಿದ್ದವು. ದಂತವೈದ್ಯರು ರೋಗಿಗಳ ಬಾಯಿಯೊಳಗೆ ಇಣುಕುವ ಪುಟ್ಟ ಕನ್ನಡಿಯನ್ನು ಸೀಟಿನಡಿ ತೂರಿಸಿ, ಟಾರ್ಚು ಬಿಟ್ಟು, ಗಂಭೀರವಾಗಿ ನುಡಿದರು: "ಒಸಡು ಸಡಿಲ. ತುಂಬಿಸಬೇಕು!"

ತುಂಬಿಸಲು ಕ್ಲಿನಿಕ್ಕಿನಿಂದ ಬಂದದ್ದು ಹಲ್ಲಿಗೆ ಕ್ಯಾಪ್ ಕೂರಿಸುವ ಸಿಮೆಂಟು. ಗಾಜಿನ ಹಲಗೆಯ ಮೇಲೆ ಕಲಸಿ, ಹಳಿಯ ಉದ್ದಕ್ಕೂ ಧಾರಾಳವಾಗಿ ಮೆತ್ತಿದರು. ಅದು ಗಟ್ಟಿಯಾಗುವಾಗ ಸೀಟಿನ ಮೇಲೆ ಭಾರ ಬೇಕು. ಕೆಳಗಿನಿಂದ ಯಾರಾದರೂ ನಟ್ಟು ಬಿಗಿಯಬೇಕು. ಭಾರ ಹೆಂಡತಿಯದು, ಕೆಳಗೆ ಬೀಳುವ ಭಾಗ್ಯ ಗಂಡನದು!

"ನಿನಗೆ ಅನುಕೂಲವಾಗೋ ಹಾಗೆ ಕೂತ್ಕೋ!" ಕಾರಿನಡಿ ಅಂಗಾತ ಮಲಗಿದ ದಂತವೈದ್ಯರು ಕೂಗಿದರು. "ಒಂದ್ಸಲ ಕೂತ ಮೇಲೆ ಅಲ್ಲಾಡಬಾರದು!"

ಮೇಲೆ 'ಸರ್ರ್' ಎಂದಿತು.

"ಏನೇ ಅದು ಸದ್ದು?"

"ಅನುಕೂಲ ಮಾಡ್ಕೊಂಡೆ!"

"ಸರಿ, ಈಗ ಗಟ್ಟಿಯಾಗಿ ಕಚ್ಚಿ ಹಿಡೀರಿ!" ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು, ಬಹುವಚನದ ಸಮೇತ.

"ಏನನ್ನ ರೀ? ಸ್ಟಿಯರಿಂಗನ್ನಾ?"

ಉತ್ತರಿಸಲು ದಂತವೈದ್ಯರು ಬಾಯಿ ತೆರೆದರು. ತೆರೆದ ಬಾಯೊಳಗೆ ಎರಡು ತಲೆಮಾರಿನ ತುಕ್ಕು ಪುಡಿಪುಡಿಯಾಗಿ ಉದುರಿತು. ಥೂ ಥೂ ಎಂಬ ಆರ್ತನಾದ ಕೇಳಿ ಮೇಲಿನಿಂದ ತಣ್ಣನೆಯ ಸಲಹೆ ಬಂತು: "ಮುಕ್ಕಳಿಸಿ ಉಗೀರಿ."

ಸಂಜೆಯ ಹೊತ್ತಿಗೆ ಸಿಮೆಂಟು ಕಲ್ಲಾಗಿತ್ತು. ದಂತವೈದ್ಯರು ತೆವಳಿಕೊಂಡು ಹೊರಬಂದು ಸೀಟಿನ ಬೆನ್ನು ಹಿಡಿದು ಅಲ್ಲಾಡಿಸಿದರು. ಕಾರು ಅಲ್ಲಾಡಿತು, ಸೊಂಟ ಅಲ್ಲಾಡಿತು, ಸೀಟು ಅಲ್ಲಾಡಲಿಲ್ಲ! "ಬಂಡೆ ಕಣೇ, ಬಂಡೆ!" ಎಂದು ಎದೆಯುಬ್ಬಿಸಲು ಹೋಗಿ ಬೆನ್ನು ಹಿಡಿದುಕೊಂಡಿತು. ಕೂತು ನೋಡುವ ತ್ರಾಣವೂ ಉಳಿದಿರಲಿಲ್ಲ. ಬಿಸಿನೀರಿನ ಚೀಲ ಬೆನ್ನಿಗಿಟ್ಟುಕೊಂಡು ವಿಜಯಿಯಾಗಿ ಹಾಸಿಗೆ ಸೇರಿದರು.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಕೋಟು, ಓರೆ ಟೋಪಿ, ಚರ್ಮದ ಕೈಗವಸು! ದಂತವೈದ್ಯರು ನೆತ್ತಿಯ ಕ್ಯಾನ್ವಾಸ್ ಮಡಚಿಟ್ಟು, ಬಾಗಿಲು ತೆರೆದು ಡ್ರೈವರ್ ಸೀಟಿಗೆ ಇಳಿದರು.

ಇಳಿದರು ಎನ್ನುವುದಕ್ಕಿಂತ ಸಿಕ್ಕಿಕೊಂಡರು ಎನ್ನಬೇಕು. ಮಂಡಿ ಗಲ್ಲಕ್ಕೆ ಬಂತು. ಸ್ಟಿಯರಿಂಗು ಹೊಟ್ಟೆಯೊಳಗೆ ಹೂತುಹೋಯಿತು. ಹೊಟ್ಟೆ ತಾನಾಗಿಯೇ ಹಾರನ್ ಒತ್ತಿತು: ಪೀಂ!

"ಬಂದೆ ರೀ, ಯಾಕಷ್ಟು ಅವಸರ?" ಎಂದು ಒಳಗಿನಿಂದ ಹೆಂಡತಿ.

ದಂತವೈದ್ಯರು ಸೀಟು ಹಿಂದಕ್ಕೆ ತಳ್ಳುವ ಲಿವರ್ ಎಳೆದರು. ಮತ್ತೆ ಎಳೆದರು. ಲಿವರ್ ಕಿತ್ತು ಕೈಗೆ ಬಂತು. ಕೀಳುವುದರಲ್ಲಿ ಅವರದು ಪಳಗಿದ ಕೈ. ಸೀಟು ಮಾತ್ರ ಕೂದಲೆಳೆಯಷ್ಟೂ ಜಾರಲಿಲ್ಲ. ಗಿಡ್ಡ ಕಾಲಿನ ಹೆಂಡತಿಗೆ ಪೆಡಲು ಎಟುಕುವಷ್ಟು ಮುಂದೆ, ಅಚ್ಚು ಹಾಕಿದಂತೆ ನಿಂತಿತ್ತು.

"ಸೀಟು ಮುಂದಕ್ಕೆ ಎಳ್ಕೊಂಡಿದೀಯ! ಬೇಕೂಂತಲೇ ಮಾಡಿದೀಯ!"

"ನೀವೇ ಅಂದ್ರಲ್ಲ, ನಿನಗೆ ಅನುಕೂಲವಾಗೋ ಹಾಗೆ ಕೂತ್ಕೋ ಅಂತ," ಎಂದರು ಹೆಂಡತಿ ತಲೆಗೆ ಸ್ಕಾರ್ಫು ಬಿಗಿಯುತ್ತಾ. "ಮದುವೆಯಾದಾಗಿಂದ ಮೊದಲನೇ ಸಲ ಅಂದ್ರಿ. ಬಿಡೋಕಾಗುತ್ತಾ? ಇರಲಿ, ಈ ಸಿಮೆಂಟು ಎಷ್ಟು ದಿನಕ್ಕೆ ಬಿಡುತ್ತೆ?"

ದಂತವೈದ್ಯರು ಕಿತ್ತು ಬಂದ ಲಿವರನ್ನು ತಿರುಗಿಸಿ ತಿರುಗಿಸಿ ನೋಡಿದರು.

"ರೋಗಿಗಳಿಗೆ ಏನಂತ ಹೇಳ್ತೀರಿ?"

"...ಜೀವನಪೂರ್ತಿ ಬಾಳಿಕೆ ಬರುತ್ತೆ ಅಂತ."

ಅಷ್ಟರಲ್ಲಿ ಫೋನು. ಕಣ್ಣಿನ ಡಾಕ್ಟರು! "ಎಲ್ಲಿದೀರಿ ಡಾಕ್ಟ್ರೇ? ಇಲ್ಲೆಲ್ಲ ನಿಮ್ಮ ಸದ್ದಿಗೇ ಕಾಯ್ತಿದೀವಿ!"

ಹೋಗದಿದ್ದರೆ ಮರ್ಯಾದೆ ಹೋಗುತ್ತದೆ, ಹೋಗಬೇಕೆಂದರೆ ಸ್ಟಿಯರಿಂಗು ಹೋಗುತ್ತದೆ. ಸುಸ್ತಾದ ಮನುಷ್ಯ ಎಷ್ಟೆಂದು ಯೋಚಿಸಿಯಾನು? ಹೆಂಡತಿ ಎರಡೂ ತೋಳು ಹಿಡಿದು ಎಳೆದರು. ಬುದ್ಧಿಹಲ್ಲಿನಂತೆ ಅಡ್ಡಡ್ಡ ಸಿಕ್ಕಿಕೊಂಡಿದ್ದ ದಂತವೈದ್ಯರು ನರಳುತ್ತಾ ಕಿತ್ತು ಬಂದರು; ಸುತ್ತು ಹಾಕಿ ಪಕ್ಕದ ಸೀಟಿನಲ್ಲಿ ಕುಸಿದರು.

ಹೆಂಡತಿ ತಂಪು ಕನ್ನಡಕ ಇಳಿಸಿಕೊಂಡರು. ಆ ನಾಜೂಕಿನ ಕ್ಲಚ್ಚು ಅವರ ಕಾಲಡಿಯಲ್ಲಿ ಬೆಣ್ಣೆಯಂತೆ ಕರಗಿತು. ಎರಡನೇ ಗೇರು, ಮೂರನೇ ಗೇರು. ದಂತವೈದ್ಯರ ಕಲೆ ಯಾವತ್ತೂ ಅಲ್ಲಿಗೇ ಮುಗಿಯುತ್ತಿತ್ತು. ಹೆಂಡತಿ ನಾಲ್ಕನೆಯದಕ್ಕೆ ಹಾಕಿದರು. ತನಗೆ ಅಂಥದೊಂದು ಗೇರು ಇದೆಯೆಂಬುದೇ ಮರೆತುಹೋಗಿದ್ದ ಕಾರು ಹುಚ್ಚೆದ್ದು ಓಡಿತು. ಮರಗಳು ಹಿಂದಕ್ಕೆ ಹಾರಿದವು. ಟೋಪಿಯೂ ಹಾರಿತು.

"ರೀ, ಕೇಳಿ! ಸೀಟಿಂದ ಚೂರೂ ಸದ್ದಿಲ್ಲ! ಒಪ್ಪಿದೆ ಕಣ್ರೀ ನಿಮ್ಮ ಕೈಚಳಕ!"

ದಂತವೈದ್ಯರು ಎರಡೂ ಕೈಯಲ್ಲಿ ಬಾಗಿಲು ಅಪ್ಪಿಕೊಂಡಿದ್ದರು. ಮುಂದೆ ಇಳಿಜಾರು. ಹೆಂಡತಿ ಸೊಗಸಾಗಿ ಒಂದು ಲಾರಿಯನ್ನು ಹಿಂದಿಕ್ಕಿದರು. ಆಮೇಲೆ ತಲೆ ಓರೆ ಮಾಡಿ ಆಲಿಸಿದರು.

"ಇಲ್ಲ ರೀ, ಇನ್ನೂ ಎಲ್ಲೋ ಕಟಕಟ ಅಂತಿದೆ."

ದಂತವೈದ್ಯರು ಸೀಟು ಅದುಮಿ ನೋಡಿದರು. ಬಾಗಿಲು ಒತ್ತಿ ಹಿಡಿದರು. ಡ್ಯಾಶ್‌ಬೋರ್ಡಿಗೆ ಅಂಗೈ ಕೊಟ್ಟರು. ಕಟಕಟ ಕಟಕಟ ನಡೆದೇ ಇತ್ತು.

ಹೆಂಡತಿ ರಸ್ತೆಯಿಂದ ಕಣ್ಣು ತೆಗೆಯದೆ ಅಂದರು: "ಡಾಕ್ಟ್ರೇ, ಸ್ವಲ್ಪ ಬಾಯಿ ತೆಗೀರಿ ನೋಡೋಣ."

ತೆಗೆದರು.

ಸದ್ದು ನಿಂತಿತು.