ಸೀಟಿ ಊದಿದರೆ ನೀರು

ನಮ್ಮ ಸೋದರಮಾವ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿದ್ದಾರೆ ಎಂಬುದು ಸರ್ಕಾರದ ಅಭಿಪ್ರಾಯ. ಮಾವನ ಅಭಿಪ್ರಾಯ ಬೇರೆ! ರೋಣ–ಗಜೇಂದ್ರಗಡ ದಾರಿಯಲ್ಲಿ ಮೂವತ್ತು ವರ್ಷ ಜನರನ್ನು ಸಾಗಿಸಿದವರು ಈಗ ಅಬ್ಬಿಗೇರಿಯ ತಮ್ಮ ಹೊಲದಲ್ಲಿ ನೀರು ಸಾಗಿಸುತ್ತಿದ್ದಾರೆ. ಬದಲಾದದ್ದು ಪ್ರಯಾಣಿಕರು ಮಾತ್ರ.

ಹೊಲ ರಸ್ತೆಗೆ ಅಂಟಿಕೊಂಡಿದೆ. ಅರ್ಧ ಭಾಗ ನಿಂಬೆ, ಉಳಿದರ್ಧ ಬದನೆ, ಮೆಣಸಿನಕಾಯಿ, ಹೀರೆ. ಎಲ್ಲಕ್ಕೂ ಹನಿ ನೀರಾವರಿಯ ಪೈಪು ಎಳೆಸಿದ್ದಾರೆ. ಬೋರ್‌ವೆಲ್ ಪಕ್ಕದ ಮೊದಲ ಸಾಲಿನ ಹೆಸರು ರೋಣ, ಕಟ್ಟಕಡೆಯದು ಗಜೇಂದ್ರಗಡ. ನೀರು ಎಲ್ಲಿಯವರೆಗೆ ಬಂತು ಮಾಮಾ ಎಂದು ಕೇಳಿ ನೋಡಿ. "ಈಗರ ನರೇಗಲ್ ದಾಟೇತಿ" ಎನ್ನುತ್ತಾರೆ! ಮೆಣಸಿನ ಗಿಡಕ್ಕೆ ಅರ್ಧ ಟಿಕೆಟ್ಟು, ಬದನೆಗೆ ಪೂರ್ತಿ. ಬದುವಿನ ಮೇಲಿರುವ ಎರಡು ಬಾಳೆಗಿಡಗಳು ಲಗೇಜು ಸಮೇತ ಬಂದ ಮಂದಿ; ಎಷ್ಟು ಕೊಟ್ಟರೂ ಸಾಲದು. ಹಾಗಾದರೆ ಕಳೆ? ಟಿಕೆಟ್ ಇಲ್ಲದೆ ಹತ್ತಿದವರು! ಬೆಳಿಗ್ಗೆ ಕುರ್ಚಿಗಿ ಹಿಡಿದು ಕಳೆ ಕೀಳಲು ಕೂತರೆ ಬಾಯಲ್ಲಿ ಒಂದೇ ಮಾತು: "ಇಳಿ, ಇಲ್ಲೇ ಇಳಿ, ಮಾತಾಡಬ್ಯಾಡ, ಇಳಿ."

ಹೊಲದ ಆ ತುದಿಯಲ್ಲಿ ಮಾವ, ಈ ತುದಿಯಲ್ಲಿ ವಾಲ್ವಿನ ಹತ್ತಿರ ಅತ್ತೆ. ಕೂಗಿದರೆ ಕೇಳದಷ್ಟು ದೂರ. ಅದಕ್ಕೇ ಹಳೆಯ ಸೀಟಿ ಮತ್ತೆ ಮಾವನ ಕೊರಳಿಗೆ ಬಂದಿದೆ. ಎರಡು ಸಲ ಊದಿದರೆ ಅತ್ತೆ ನೀರು ಬಿಡಬೇಕು, ಒಂದು ಸಲ ಊದಿದರೆ ನಿಲ್ಲಿಸಬೇಕು.

ಒಂದು ದಿನ ಬದನೆಗೆ ನೀರು ಸಾಕೆನಿಸಿ ಮಾವ ಒಂದು ಸೀಟಿ ಊದಿದರು. ಅತ್ತೆ ವಾಲ್ವ್ ಮುಚ್ಚಿದರು. ರಸ್ತೆಯಲ್ಲಿ ಹೊರಟಿದ್ದ ಬಸ್ಸೂ ಗಕ್ಕನೆ ನಿಂತಿತು! ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಯಾರರೀ ಇಳಿಯಾವ್ರು?"

"ಯಾರೂ ಇಲ್ಲೋ ಮಾರಾಯಾ, ನೀ ನಡಿ. ನಾ ನಿಂದ್ರು ಅಂದಿದ್ದು ಬದನಿಗೆ!"

ಬಸ್ಸಿನೊಳಗಿನವರೆಲ್ಲ ಬದನೆಯ ಕಡೆಗೆ ನೋಡಿದರು. ಮಾವ ಅಭ್ಯಾಸಬಲದಿಂದ ಎರಡು ಸೀಟಿ ಊದಿ ಬಸ್ಸನ್ನು ಕಳಿಸಿಕೊಟ್ಟರು. ಅದನ್ನು ಕೇಳಿದ ಅತ್ತೆ ವಾಲ್ವ್ ತೆರೆದರು. ಅಂದು ಬದನೆಗೆ ಎರಡು ಊಟ!

ಇಷ್ಟು ನಗುವ ಮಾತು. ನಿಂಬೆಯ ವಿಷಯದಲ್ಲಿ ಮಾತ್ರ ಮನೆಯಲ್ಲಿ ನಗು ನಿಂತಿತ್ತು. ಗಿಡಗಳು ಆಳೆತ್ತರಕ್ಕೆ ಬೆಳೆದು ಹಸಿರು ಛತ್ರಿಯಂತಾಗಿದ್ದವು, ಆದರೆ ಎರಡು ವರ್ಷದಿಂದ ಹೂವು ಅಷ್ಟಕ್ಕಷ್ಟೇ. ಅತ್ತೆಯ ತವರಿನಲ್ಲಿ ನಿಂಬೆ ತೋಟವಿತ್ತು. ಕಾರಣ ಅವರಿಗೆ ಗೊತ್ತಿತ್ತು.

"ದಿನಾ ನೀರು ಕುಡದು ಮೈ ಬೆಳಸ್ಯಾವು. ಒಂದು ತಿಂಗಳು ಹನಿ ನೀರೂ ಬಿಡಬ್ಯಾಡ್ರಿ. ಎಲಿ ಬಾಡಬೇಕು, ಒಂದಿಷ್ಟು ಉದುರಬೇಕು. ಆಮ್ಯಾಲೆ ನೀರು ಕೊಟ್ಟರ ಹೂ ಹಿಡೀತಾವು."

"ಕೈ ಮಾಡಿ ನಿಂತವ್ರನ್ನ ಬಿಟ್ಟು ಹೋಗು ಅಂತೀಯೇನು?"

"ಮೂವತ್ತು ವರ್ಷದಾಗ ಒಬ್ಬರನ್ನೂ ಬಿಟ್ಟು ಹೋಗಿಲ್ಲೇನು ನೀವು?"

"ಇಲ್ಲ. ಜಾಗಾ ಇಲ್ಲಂದ್ರ ಅವ್ರನ್ನ ಒಳಗ ಹಾಕಿ, ನಾನ ಬಾಗಲದಾಗ ಜೋತು ಬಿದ್ದು ಹೋಗೀನಿ!"

ಅತ್ತೆ ಸೋಲಲಿಲ್ಲ. "ಈ ಸಲಾನೂ ಹೂ ಬರಲಿಲ್ಲಂದ್ರ ಅಷ್ಟೂ ಗಿಡಾ ಕಿತ್ತಿಸಿ ಕಡ್ಲಿ ಬಿತ್ತಾಕಿ ನಾ" ಎಂದು ನಿಂಬೆಯ ವಾಲ್ವಿಗೆ ತಂತಿ ಬಿಗಿದೇ ಬಿಟ್ಟರು.

ಮುಂದಿನ ವಾರ ನಾನು ಹೋದಾಗ ನಿಂಬೆಯ ಎಲೆಗಳು ಮುರುಟಿದ್ದವು. ಮಾವನೂ ಮುರುಟಿದ್ದರು! ತಾಟಿನಲ್ಲಿ ರೊಟ್ಟಿ ಮುರಿದಿಟ್ಟುಕೊಂಡು ತೋಟದ ಕಡೆ ಮುಖ ಮಾಡಿ ಕೂತಿದ್ದರು.

"ಅವು ಉಪಾಸ ಅದಾವು ಅಳ್ಯಾ. ನಾ ಹ್ಯಾಂಗ ಉಣ್ಣಲಿ?"

ಅಡುಗೆಮನೆಯಿಂದ ಉತ್ತರ ಬಂತು: "ಬಾಡಸೂದು ಗಿಡಾನ್ರಿ, ನಿಮ್ಮನ್ನಲ್ಲ. ನೀವು ಬಾಡಿದ್ರ ಹೂ ಬಿಡಾಂಗಿಲ್ಲ, ಉಣ್ಣ್ರಿ!"

ಉಣ್ಣಲಿಲ್ಲ. ಅರ್ಧ ರೊಟ್ಟಿಗೆ ಕೈ ತೊಳೆದರು.

ಹತ್ತು ದಿನ ಬಿಟ್ಟು ಹೋದೆ. ಮಾವ ಮೂರನೆಯ ರೊಟ್ಟಿಗೆ ಶೇಂಗಾ ಚಟ್ನಿ ಬೇಡುತ್ತಿದ್ದರು! ಎಲ್ಲಾ ಗಿಡಗಳೂ ಬಾಡಿ ನಿಂತಿದ್ದವು. ಬೇಲಿಯ ಮೂಲೆಯ ಒಂದು ಗಿಡ ಮಾತ್ರ ಮದುಮಗನ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಅದಕ್ಕೇನಾಯಿತು ಎಂದು ಕೇಳಿದೆ. "ಅಲ್ಲೆ ಕೆಳಗ ಭೂಮಿ ತಂಪು ಐತಿ" ಎಂದರು ಮಾವ, ಆಕಾಶ ನೋಡುತ್ತ.

ತಿಂಗಳು ತುಂಬಿತು. ಅತ್ತೆ ತಂತಿ ಬಿಚ್ಚಿದರು. ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು, ಕೊನೆಗೆ ಹೊಟ್ಟೆ ತುಂಬ ನೀರು ಕೊಟ್ಟರು. ಕೆಲವು ವಾರಗಳ ನಂತರ ಮಾವನ ಫೋನು ಬಂತು. "ಅಳ್ಯಾ, ಲಗೂ ಬಾ! ಎಲ್ಲಾ ಸೀಟು ಫುಲ್!"

ಹೋಗಿ ನೋಡಿದರೆ ತೋಟವೆಲ್ಲ ಬಿಳಿ ಹೂವು. ಪರಿಮಳ ರಸ್ತೆಯವರೆಗೆ ಬಂದಿತ್ತು, ಜೇನುನೊಣಗಳ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಕಡಲೆ ಬಿತ್ತುವ ಮಾತನ್ನು ಯಾರೂ ಎತ್ತಲಿಲ್ಲ. ಮೂಲೆಯ ಗಿಡದಲ್ಲಿ ಮಾತ್ರ ಒಂದೂ ಮೊಗ್ಗಿಲ್ಲ, ಬರೀ ಎಲೆ.

ಮಾವ ಅದರ ಮುಂದೆ ತಲೆ ತಗ್ಗಿಸಿ ನಿಂತು ಅತ್ತೆಗೆ ಹೇಳಿದರು: "ಇದಕ್ಕ ನಾನ ನೀರು ಹಾಕೀನಿ. ದಿನಾ ಮುಂಜಾನೆ ಒಂದು ಕೊಡ. ನಿನಗ ಹೇಳಲಿಲ್ಲ."

ಸಿಡಿಲು ಬೀಳುತ್ತದೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಹೌದ? ಇರ್ಲಿ ಬಿಡ್ರಿ. ಮೋಟಾರು ನೋಡಿ ಬರ್ರಿ, ಹೋಗ್ರಿ" ಎಂದಷ್ಟೇ ಹೇಳಿ ಅತ್ತೆ ಅವರನ್ನು ಕಳಿಸಿದರು.

ಮಾವ ದೂರ ಹೋಗುವುದನ್ನೇ ನೋಡುತ್ತ ನಿಂತಿದ್ದ ಅತ್ತೆ ಮೆಲ್ಲಗೆ ನನ್ನ ಕಡೆ ತಿರುಗಿದರು.

"ನನಗ ಗೊತ್ತಿರಲಿಲ್ಲ ಅಂತ ತಿಳಕೊಂಡಾರ ಅವ್ರು. ಆ ಕೊಡಾ ದಿನಾ ತುಂಬಿ ಬಾಗಲದಾಗ ಇಟ್ಟಾಕಿ ಯಾರು? ನಾನ. ಒಂದು ಗಿಡದ ಕಾಯಿ ಹೋದ್ರ ಹೋಗಲಿ ಬಿಡೋ ಅಳ್ಯಾ. ಅವ್ರು ಹೊಟ್ಟಿ ತುಂಬ ಉಂಡ್ರಲ್ಲ."