ಎಲ್ಮ್ ಮರವೂ ಇಬ್ಬರು ಎಲ್ಲಮ್ಮಂದಿರೂ

ನಮ್ಮ ಮನೆಯವರಿಗೆ ಹೆಂಡತಿಯ ಮುಖಕ್ಕಿಂತ ಮರದ ಎಲೆಯೇ ಚೆನ್ನಾಗಿ ಗುರುತು ಸಿಗುತ್ತದೆ ಅಂದರೆ ನೀವು ನಗುತ್ತೀರಿ. ನಗಿ, ನಗಿ! ಆ ಹದಿನೈದು ದಿನ ಅವರ ಜೊತೆ ಏಗಿದವಳು ನಾನು, ನೀವಲ್ಲವಲ್ಲ! ಅವರ ಹೆಸರು ಮಾತ್ರ ಕೇಳಬೇಡಿ. ಹೆಂಡತಿ ಬಾಯಲ್ಲಿ ಗಂಡನ ಹೆಸರು ಬಂದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ ಅಂತ ನಮ್ಮಮ್ಮ ಹೆದರಿಸಿಟ್ಟಿದ್ದಾಳೆ.

ಬಣಕಲ್ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಇವರು ರೈಟರು, ಕೂಲಿಯ ಲೆಕ್ಕ ಬರೆಯುವವರು. ತೋಟದ ಹಳೇ ಬಿಳೀ ದೊರೆಗಳು ಚಳಿಜ್ವರದಲ್ಲಿ ತೀರಿಕೊಂಡು ವರ್ಷವಾಗಿತ್ತು. ಬಿಲಾತಿಯಿಂದ ಅವರ ತಾಯಿಯ ಕಾಗದ ಬಂತು. ‘ನಾನು ಕಳಿಸಿದ ಎಲ್ಮ್ ಅನ್ನುವ ನಮ್ಮೂರ ಮರದ ಸಸಿಯನ್ನು ಮಗ ಅಲ್ಲೆಲ್ಲೋ ನೆಟ್ಟಿದ್ದನಂತೆ. ಬದುಕಿದ್ದರೆ ಒಂದು ಎಲೆ ಕಳಿಸಿ. ಮುಟ್ಟಿದರೆ ಒರಟು, ತೊಟ್ಟಿನ ಹತ್ತಿರ ಎಲೆಯ ಒಂದು ಮಗ್ಗುಲು ಮೇಲೆ ಶುರುವಾದರೆ ಇನ್ನೊಂದು ಕೆಳಗೆ. ಅದಕ್ಕೆ ತೇವದ ಜಾಗ ಇಷ್ಟ.’

ಹೊಸ ದೊರೆಯೋ, ಹದಿನೈದು ದಿನ ಬಿಟ್ಟು ಹೆಸರು ಗೊತ್ತಿಲ್ಲದ ಮರವೆಲ್ಲ ಕಡಿಸಿ ಅಂತ ಅಪ್ಪಣೆ ಕೊಟ್ಟಿದ್ದರು.

"ಮಗನನ್ನು ಕಳಕೊಂಡ ತಾಯಿ ಕಣೇ! ಒಂದು ಎಲೆ ಕಳಿಸಲಾರೆನಾ?" ಅಂದರು ಇವರು.

ಶುರುವಾಯ್ತು! ಕಿಸೆಯಲ್ಲಿ ಎಲೆ, ಹಾಸಿಗೆಯಲ್ಲಿ ಎಲೆ, ಊಟಕ್ಕೆ ಬಡಿಸಿದರೆ ಬಾಳೆಲೆಯನ್ನೂ ತಿರುಗಿಸಿ ನೋಡುವುದು! ಒಂದು ಸಂಜೆ ತಪಸಿ ಮರದ ಸೊಪ್ಪು ತಂದು ಹಿಸುಕಿದರು. ಆ ನಾತಕ್ಕೆ ಬೆಕ್ಕು ಎರಡು ದಿನ ಮನೆಗೆ ಬರಲಿಲ್ಲ. ಒರಟು ಎಷ್ಟು ಅಂತ ತಿಳಿಯಲು ಕೆನ್ನೆಗೆ ಉಜ್ಜಿಕೊಳ್ಳುವುದು ಬೇರೆ. ತುರಿಕೆ ಸೊಪ್ಪಿಗೂ ಕೆನ್ನೆ ಕೊಟ್ಟರು ಮಾರಾಯರು! ಮುಖ ಹಲಸಿನ ಹಣ್ಣಾಯಿತು.

ಸಾಲದ್ದಕ್ಕೆ ಮೇಸ್ತ್ರಿಗೆ, "ಎಲ್ಮ್ ಎಲ್ಲಿದ್ದರೂ ಹುಡುಕಿ ನಮ್ಮನೆಗೆ ಬಂದು ಹೇಳು" ಅಂದರಂತೆ. ಮಾರನೇ ಬೆಳಿಗ್ಗೆ ಬಾಗಿಲಲ್ಲಿ ಮೇಸ್ತ್ರಿ, ಅವನ ಹಿಂದೆ ಕಾಫಿ ಕುಯ್ಯುವ ಇಬ್ಬರು ಹೆಂಗಸರು.

"ಕೂಲಿ ಲೈನಲ್ಲಿ ಇಬ್ಬರು ಎಲ್ಲಮ್ಮ ಇದಾರೆ ಅಮ್ಮ. ರೈಟ್ರಿಗೆ ಯಾವ ಎಲ್ಲಮ್ಮ ಬೇಕಂತೆ?"

ಇಬ್ಬರಿಗೂ ಕಾಫಿ ಕೊಟ್ಟು ಕಳಿಸಿದೆ. ಇವರಿಗೆ ಮಾತ್ರ ಅವತ್ತು ಕಾಫಿ ಕೊಡಲಿಲ್ಲ.

ಹದಿನಾಲ್ಕನೇ ದಿನ ಗುಡ್ಡದಲ್ಲಿ ನೆನೆದು ಬಂದು ಚಳಿಜ್ವರ ಹಿಡಿದು ಮಲಗಿದರು. "ಸಿಗಲಿಲ್ಲ ಕಣೇ" ಅಂತ ಒಂದೇ ಕನವರಿಕೆ. ಮಾರನೇ ಬೆಳಿಗ್ಗೆ, ಗಡುವು ಮುಗಿಯುವ ದಿನ, ಮರವನ್ನೂ ದೊರೆಯನ್ನೂ ಬೈಯುತ್ತಾ ಗಂಜಿ ಪಾತ್ರೆ ತಿಕ್ಕಲು ಮನೆ ಹಿಂದಿನ ಹಳ್ಳಕ್ಕೆ ಹೋದೆ. ಯಾವಾಗಿನಂತೆ ದಡದ ಮರದಿಂದ ಒರಟು ಎಲೆ ಕಿತ್ತೆ. ತೊಟ್ಟಿನ ಹತ್ತಿರ ಒಂದು ಮಗ್ಗುಲು ಮೇಲೆ, ಒಂದು ಕೆಳಗೆ!

ಅಯ್ಯೋ ನನ್ನ ಕರ್ಮವೇ! ನಾಲ್ಕು ವರ್ಷದಿಂದ ಅದರಲ್ಲೇ ಪಾತ್ರೆ ತಿಕ್ಕುತ್ತಿದ್ದೇನೆ!

ಅಷ್ಟರಲ್ಲಿ ಘಟ್ಟದ ಕೆಳಗಿನಿಂದ ಬಂದಿದ್ದ ಮರ ಕಡಿಯುವವರು ಹಾಜರು. ಒಬ್ಬ ಕೊಡಲಿ ಎತ್ತಿದ. "ಹೆಸರಿಲ್ಲದ ಮರ ಬಿಡಬಾರದಂತೆ. ಇದರ ಹೆಸರೇನಮ್ಮ?"

ಆ ಹಾಳು ಬಿಲಾತಿ ಹೆಸರು ನಾಲಿಗೆಗೆ ಬರಲೊಲ್ಲದು! ಮರ ತಬ್ಬಿಕೊಂಡು, ಬಾಯಿಗೆ ಬಂದ ಹೆಸರನ್ನು ಹಳ್ಳವೆಲ್ಲ ಕೇಳುವ ಹಾಗೆ ಕೂಗಿಬಿಟ್ಟೆ. ಇವರ ಹೆಸರು.

"ಓ, ನಮ್ಮ ಕೂಲಿ ಬರೆಯೋ ರೈಟ್ರ ಮರವಾ? ಮೊದಲೇ ಹೇಳಬಾರದಾ!" ಅಂತ ಅವನು ಮುಂದಿನ ಮರಕ್ಕೆ ಹೋದ.

ಆಗ ಹೆದರಿಕೆಯಾಯಿತು. ಹಳೇ ದೊರೆಗಳನ್ನು ಕೊಂಡೊಯ್ದ ಜ್ವರವೇ ಇವರ ಮೈಮೇಲಿದೆ, ನಾನು ಹೆಸರು ಬೇರೆ ಹೇಳಿಬಿಟ್ಟೆ! ಅಳುತ್ತಾ ಓಡಿಬಂದು ಆ ಎಲೆಯನ್ನು ಇವರ ಸುಡುವ ಕೆನ್ನೆಗೆ ಉಜ್ಜಿದೆ. ಕಣ್ಣು ಬಿಟ್ಟರು.

"ಎಲ್ಮ್!" ಅಂದರು. ಆಮೇಲೆ ಮೆಲ್ಲಗೆ, "ಹಳ್ಳದ ಹತ್ರ ಯಾರೋ ನನ್ನ ಹೆಸರು ಕೂಗಿದ ಹಾಗಾಯ್ತು. ಯಾರೇ ಅದು?"

"ಯಾರೋ ಎಲ್ಲಮ್ಮ ಇರಬೇಕು," ಅಂದೆ.