ಮುತ್ತಿಗೆ ಕತ್ತರಿ

"ವೆಬ್ ಸೀರೀಸ್‌ಗೆ ಸೆನ್ಸಾರ್ ಅಂತ ಯಾವನಾದ್ರೂ ಬರ್ಲಿ ಮಗಾ, ಕತ್ತರಿ ಕಿತ್ಕೊಂಡು ಕಳಿಸ್ತೀನಿ! ನಾವೇನ್ ನೋಡ್ಬೇಕು ಅಂತ ನಮಗ್ ಗೊತ್ತಿಲ್ವಾ?" ಎಂದು ಶರಣು ಯಲಹಂಕದ ಕಾಲೇಜು ಕ್ಯಾಂಟೀನಿನಲ್ಲಿ ಟೇಬಲ್ ಗುದ್ದಿದ ರಭಸಕ್ಕೆ ನಾಲ್ವರ ಟೀ ಚೆಲ್ಲಿತು. ಗುದ್ದದೆ ಇರುತ್ತಾನೆಯೇ? ಅವನು ಬರೀ ಪ್ರೇಕ್ಷಕನಲ್ಲ, ಕಲಾವಿದ! ಗೆಳೆಯರು ತೆಗೆದ ಸೀರೀಸಿನ ಮೂರನೇ ಕಂತಿನಲ್ಲಿ ಸಿಗರೇಟು ಸೇದಿ, ಎರಡು ಬೈಗುಳ ಉದುರಿಸಿ, ನಾಯಕಿಗೊಂದು ಮುತ್ತು ಕೊಟ್ಟು ಕಪಾಳಕ್ಕೆ ಹೊಡೆಸಿಕೊಂಡಿದ್ದ.

ಅದೇ ಸಂಜೆ ಶೆಟ್ಟಿಹಳ್ಳಿಯ ಮನೆಗೆ ಬಂದರೆ ಅವ್ವ ಶರಣವ್ವ ಬಾಗಿಲಲ್ಲೇ ಹೇಳಿದಳು: "ರವಿವಾರ ನಿಮ್ಮತ್ತಿ ಗೌರಮ್ಮ ಗದಗಿನಿಂದ ಬರಾಕತ್ತಾಳ. ನಿನ್ನ ಸೀರೀಸು ಎಲ್ಲಾರೂ ಕೂಡಿ ಟೀವ್ಯಾಗ ನೋಡೂಣು."

ಶರಣು ಚಪ್ಪಲಿ ಹಾಕಿಕೊಂಡೇ ಒಳಗೆ ನಡೆದ. ಸರ್ಕಾರವನ್ನು ಎದುರಿಸಬಹುದು, ಗೌರಮ್ಮತ್ತೆಯನ್ನು? ಅವಳ ಕಣ್ಣಿಗೆ ಬಿದ್ದದ್ದು ಅರ್ಧ ಗಂಟೆಯಲ್ಲಿ ಬಳಗಕ್ಕೆಲ್ಲ ಮುಟ್ಟುತ್ತಿತ್ತು. ಸಾಲದ್ದಕ್ಕೆ, "ಈ ನಟನೆ ಗಿಟನೆ ಬಿಡು" ಎನ್ನುವ ಅಪ್ಪ ಶೇಖರಪ್ಪ ಬೇರೆ ಪಕ್ಕದಲ್ಲೇ ಕೂರುವವನು! ಶನಿವಾರ ಕ್ರಾಂತಿಕಾರಿ ಲ್ಯಾಪ್‌ಟಾಪ್ ತೆರೆದ. ಸಿಗರೇಟು, ಕಚಕ್! ಬೈಗುಳ, ಕಚಕ್! ಮುತ್ತು, ಕಚಕಚಕ್! ಉಳಿದದ್ದನ್ನು ಪೆನ್‌ಡ್ರೈವಿಗೆ ತುಂಬಿದ.

ಭಾನುವಾರ ಎಲ್ಲರೂ ಟೀವಿ ಮುಂದೆ ಕೂತರು. ಪರದೆಯ ಮೇಲೆ ಶರಣು ಬಾಗಿಲು ತೆರೆದು ಒಳಗೆ ಬಂದ. ಬಂದದ್ದೇ ತಡ, ಫಟಾರ್! ನಾಯಕಿ ಕಪಾಳಕ್ಕೆ ಬಾರಿಸಿದಳು. ಅವನು ಗೋಡೆ ಹಿಡಿದು ಎರಡು ನಿಮಿಷ ಅತ್ತ.

ಗೌರಮ್ಮತ್ತೆ ಚೂಡಾದ ತಟ್ಟೆ ಕೆಳಗಿಟ್ಟಳು. "ಯಾಕ ಹೊಡದ್ಲೋ?"

"ಸುಮ್ನೆ ಅತ್ತೆ. ಅವಳ ಕ್ಯಾರೆಕ್ಟರೇ ಹಂಗೆ."

"ಸುಮ್ಮಸುಮ್ಮನ ಯಾರು ಹೊಡೀತಾರ? ನಡುವ ಏನೋ ತಗದೀ ನೀ!" ಅತ್ತೆಯ ಕಣ್ಣುಗಳು ಅಗಲವಾದವು. "ಅಯ್ಯ ಶಿವನ! ತೋರಿಸಾಕೂ ಬಾರದಂಥಾದ್ದು ಏನ ಮಾಡೀಯೋ ಆ ಹುಡುಗಿಗೆ?"

ಅವಳ ಕಲ್ಪನೆ ಓಡಿದಷ್ಟು ದೂರ ನಿರ್ದೇಶಕನದೂ ಓಡಿರಲಿಲ್ಲ! ಅತ್ತೆಯ ಕೈ ಫೋನಿನತ್ತ ಹೋಯಿತು.

"ಒಂದ್ ಮುತ್ತು ಅಷ್ಟೇ ಅತ್ತೆ! ಅದೂ ಕೆನ್ನೆಗೆ!" ಶರಣು ಬೆವರಿ ಕೂಗಿದ.

"ಒಂದು ಮುತ್ತಿಗೆ ಯಾರರ ಕತ್ತರಿ ಹಾಕ್ತಾರ? ಸುಳ್ಳ!"

"ಖರೇನ ಅದ ಬಿಡ್ರಿ ಅಕ್ಕಾರ," ಎಂದಳು ಶರಣವ್ವ ತಣ್ಣಗೆ. "ಬಾಜೂ ಮನಿ ಸಬೀರಾನ ಮೊಬೈಲ್ನಾಗ ಹೋದ ವಾರನ ನಾನೂ ಇವರೂ ಪೂರಾ ನೋಡೇವಿ."

ಶರಣು ಅಪ್ಪನ ಮುಖ ನೋಡಿದ. "ನೀವೂನಾ? ಬೇಜಾರಾಗ್ಲಿಲ್ವಾ?"

"ಆತಪಾ," ಎಂದು ಶೇಖರಪ್ಪ ನಿಟ್ಟುಸಿರಿಟ್ಟ. "ಮುತ್ತು ಇರ್ಲಿ ಬಿಡು. ನಿನ್ನ ಅಳೂದರ ತಗೀಬೇಕಿತ್ತು. ಮನಿ ಮಂದಿ ಕುಂತು ನೋಡಾಕ ಆಗದಂಥಾದ್ದು ಅದೊಂದ!"